ಕೂಸಿನ ಕೈಗೂ ಒಂದಿಷ್ಟು ಹಿಟ್ಟು

ರಾಯಚೂರು ಜಿಲ್ಲೆಯ ಮಲ್ಲಟದಂಥ ಊರುಗಳಲ್ಲಿ ಮೊದಲು ಒಲೆ ನೆಲದ ಮೇಲಿತ್ತು. ರೊಟ್ಟಿ ಬಡಿಯುವವರೂ ನೆಲದ ಮೇಲೆಯೇ ಕೂಡುತ್ತಿದ್ದರು. ಎರಡು ವರ್ಷದ ಕೂಸಿಗೆ ಪರಾತ, ಹಿಟ್ಟು, ಹಂಚು, ಅವ್ವನ ಕೈ ಎಲ್ಲವೂ ಕಣ್ಣಿನ ಮಟ್ಟಕ್ಕೇ ಕಾಣುತ್ತಿದ್ದವು. ಅದು ಬಂದು ಪರಾತಕ್ಕೆ ಕೈ ಹಾಕಿದರೆ ಯಾರೂ ಗದ್ದಲ ಮಾಡುತ್ತಿರಲಿಲ್ಲ. ನಾದಿದ ಹಿಟ್ಟಿನಲ್ಲಿ ನಿಂಬೆಕಾಯಿಯಷ್ಟು ಕಿತ್ತು ಕೈಗೆ ಕೊಡುತ್ತಿದ್ದರು. ಕೂಸು ಅದನ್ನು ತಟ್ಟಿ, ಒತ್ತಿ, ಬೆರಳಿನ ಗುರುತು ಮೂಡಿಸಿ ತಿರುಗಿ ಕೊಟ್ಟರೆ ಹಂಚಿನ ಅಂಚಿಗೆ ಹಾಕಿ ಬೇಯಿಸುತ್ತಿದ್ದರು. ತಟ್ಟೆಯಲ್ಲಿ ಬಿಟ್ಟ ರೊಟ್ಟಿಯನ್ನು ಮುಟ್ಟದ ಕೂಸು ತಾನು ಮಾಡಿದ ಆ ಸೊಟ್ಟ ರೊಟ್ಟಿಯನ್ನು ಪೂರ್ತಿ ತಿನ್ನುತ್ತಿತ್ತು.

ಈಗ ಒಲೆ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಏರಿದೆ. ಹೊಗೆ ತಪ್ಪಿತು, ಕೂಸು ಬೆಂಕಿಗೆ ಬೀಳುವ ಭಯ ತಪ್ಪಿತು. ಅದು ಬಹಳ ದೊಡ್ಡ ಲಾಭ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಸು ಕೆಳಗೇ ಉಳಿಯಿತು. ಅದಕ್ಕೆ ಕಾಣುವುದು ಅವ್ವನ ಸೀರೆಯ ನೆರಿಗೆ ಮಾತ್ರ. ಅತ್ತರೆ ಕೈಗೆ ಮೊಬೈಲು ಬರುತ್ತದೆ, ಇಲ್ಲವೇ ಕಿರಾಣಿ ಅಂಗಡಿಯಲ್ಲಿ ಸರ ಕಟ್ಟಿ ತೂಗುಹಾಕಿದ ಐದು ರೂಪಾಯಿ ಪಾಕೀಟು. ಅಡುಗೆ ಎಲ್ಲಿಂದ ಬರುತ್ತದೆ, ಹೇಗೆ ಆಗುತ್ತದೆ ಎಂದು ನೋಡದೆಯೇ ಮಕ್ಕಳು ಮೂರು ವರ್ಷ ದಾಟುತ್ತಿದ್ದಾರೆ. ಕೂಸು ಊಟಕ್ಕೆ ಮುಖ ತಿರುಗಿಸುತ್ತದೆ ಎಂದು ತಾಯಂದಿರು ದೂರುವಾಗೆಲ್ಲ ನನಗೆ ಈ ಕಟ್ಟೆಯ ನೆನಪಾಗುತ್ತದೆ.

ಪಟ್ಟಣದ ಮನೆಗಳಲ್ಲಿ ಈಗ ಪುಟ್ಟ ಮಕ್ಕಳನ್ನು ಕೂಡಿಸಿಕೊಂಡು ಮಫಿನ್ ಮಾಡುವ ರೂಢಿ ಬಂದಿದೆ. ವಾಟಿಯಷ್ಟಗಲದ ಸಣ್ಣ ಕೇಕು ಅದು. ಬೆಂಗಳೂರಿನಿಂದ ಬಂದ ಮಗಳು ಮೊಮ್ಮಗಳನ್ನು ಕಟ್ಟಿಕೊಂಡು ಅದನ್ನು ಮಾಡಲು ಹೊರಟಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಹಿಟ್ಟನ್ನು ಕೂಸಿನ ಕೈಗೆ ಕೊಡುವುದೇ ತಾನೇ? ಮೈದಾ, ಸಕ್ಕರೆ, ಡಾಲ್ಡಾ ಸೇರಿದ ಬೇಕರಿ ಮಾಲನ್ನು ನಾವು ಮನೆಯಲ್ಲಿ ಮಾಡಬೇಕಿಲ್ಲ. ನಮ್ಮ ಎರೆಭೂಮಿಯ ಬಿಳಿಜೋಳ ಇದೆ, ಶೇಂಗಾ ಇದೆ, ಚಳಿಗಾಲಕ್ಕೆ ಸಜ್ಜೆ ಇದೆ. ಮಾನ್ವಿ, ಸಿರವಾರದ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಹೊಲಗಳು ಭತ್ತದ ಗದ್ದೆಗಳಾದವು, ಜೋಳ ಹಿಂದೆ ಸರಿಯಿತು. ಆದರೂ ಹಿಂಗಾರಿ ಜೋಳ ಬೆಳೆಯುವ ಹೊಲಗಳು ಇನ್ನೂ ಇವೆ, ಗಿರಣಿಯಲ್ಲಿ ತಾಜಾ ಬೀಸಿದ ಹಿಟ್ಟು ಯಾವ ದಿನವೂ ಸಿಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ಜೋಳಕ್ಕೆ ಸುಮಾರು 10 ಗ್ರಾಂ ಪ್ರೋಟೀನು, 4 ಮಿಲಿಗ್ರಾಂ ಕಬ್ಬಿಣ, 10 ಗ್ರಾಂ ನಾರು. ಸಜ್ಜೆಯಲ್ಲಿ ಕಬ್ಬಿಣ 6 ಮಿಲಿಗ್ರಾಂ ದಾಟುತ್ತದೆ. ಮೈದಾದಲ್ಲಿ ಕಬ್ಬಿಣ, ನಾರು ಎರಡೂ ಕಡಿಮೆ. ನಾರು ಜೋಳದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ.

ಜೋಳದ ಹಿಟ್ಟಿಗೆ ಜಿಗಿ ಇಲ್ಲ ಎಂಬುದು ರೊಟ್ಟಿ ಬಡಿಯುವ ಪ್ರತಿಯೊಬ್ಬರಿಗೂ ಗೊತ್ತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಇದರಲ್ಲಿಲ್ಲ. ಅದಕ್ಕೇ ನಮ್ಮವರು ಕುದಿಯುವ ನೀರು ಹಾಕಿ ಹಿಟ್ಟು ಕಲೆಸುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಹಿಗ್ಗಿ ಅಂಟಾಗುತ್ತದೆ, ರೊಟ್ಟಿ ಹರಿಯುವುದಿಲ್ಲ. ಮಫಿನ್ನಿಗೂ ಅದೇ ಉಪಾಯ ಸಾಕು. ಒಂದು ಬಟ್ಟಲು ನುಣ್ಣನೆಯ ಜೋಳದ ಹಿಟ್ಟಿಗೆ ಮುಕ್ಕಾಲು ಬಟ್ಟಲು ಕುದಿಬಿಸಿ ಹಾಲು ಹಾಕಿ ಕಾಲು ಗಂಟೆ ಮುಚ್ಚಿಡಬೇಕು. ಆರಿದ ಮೇಲೆ ಅರ್ಧ ಬಟ್ಟಲು ಗೋಧಿ ಹಿಟ್ಟು, ಚೆನ್ನಾಗಿ ಕಳಿತ ಎರಡು ಬಾಳೆಹಣ್ಣು, ನೆನೆಸಿ ಕಿವುಚಿದ ನಾಲ್ಕೈದು ಖರ್ಜೂರ, ಹುರಿದು ಕುಟ್ಟಿದ ಶೇಂಗಾ ಪುಡಿ ಮೂರು ಚಮಚ, ಶೇಂಗಾ ಎಣ್ಣೆ ಎರಡು ಚಮಚ, ಒಂದಿಷ್ಟು ಏಲಕ್ಕಿ. ಕೊನೆಗೆ ಒಂದು ಮೊಟ್ಟೆ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್. ಮೊಟ್ಟೆ ಒಲ್ಲದ ಮನೆಯವರು ಮೂರು ಚಮಚ ಗಟ್ಟಿ ಮೊಸರು ಹಾಕಿದರೆ ನಡೆಯುತ್ತದೆ. ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು.

ಓವನ್ ಇಲ್ಲ ಎಂದು ಕೈ ಬಿಡುವವರಿಗೆ ನಾನು ಹೇಳುವುದು ಪಡ್ಡಿನ ಹಂಚನ್ನು ನೋಡಿ ಎಂದು. ಅದು ನಮ್ಮ ಮನೆಯಲ್ಲೇ ಇರುವ ಮಫಿನ್ ಅಚ್ಚು, ಅದೂ ಪುಟ್ಟ ಬಾಯಿಗೆ ತಕ್ಕ ಅಳತೆಯದು. ಕುಳಿಗೆ ಒಂದು ಹನಿ ತುಪ್ಪ ಸವರಿ, ಮುಕ್ಕಾಲು ತುಂಬಿಸಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ನಾಲ್ಕೈದು ನಿಮಿಷಕ್ಕೆ ಒಂದು ಬದಿ ಬೇಯುತ್ತದೆ. ತಿರುವಿ ಹಾಕಿ ಎರಡು ಮೂರು ನಿಮಿಷ ಬಿಟ್ಟರೆ ಆಯಿತು. ಮಗು ಮಾಡಿದ್ದು ಮಗುವಿನ ಕಣ್ಣೆದುರೇ ಅಷ್ಟು ಬೇಗ ಆಗುವುದು ಮುಖ್ಯ. ಎರಡು ವರ್ಷದವರಿಗೆ ಅರ್ಧ ಗಂಟೆ ಕಾಯುವುದು ಆಗದ ಮಾತು. ವಾಟಿಯ ಆಕಾರದ್ದೇ ಬೇಕೆನ್ನುವವರು ದಪ್ಪ ತಳದ ಬೋಗುಣಿಗೆ ಒಂದು ಪದರ ಉಪ್ಪು ಹರವಿ, ಮೇಲೊಂದು ಕುದುರು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ಎಣ್ಣೆ ಸವರಿದ ಸ್ಟೀಲ್ ವಾಟಿಗಳಲ್ಲಿ ಹಿಟ್ಟು ಹಾಕಿಟ್ಟು ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಬಹುದು. ಚಾಕು ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಇದರಲ್ಲಿ ಕೂಸಿನ ಪಾಲು ಎಷ್ಟು? ತುಂಬಾ. ಬಾಳೆಹಣ್ಣು ಸುಲಿಯುವುದು, ಸುಲಿದದ್ದನ್ನು ಕೈಯಿಂದ ಕಿವುಚುವುದು ಒಂದೂವರೆ ವರ್ಷದವರಿಗೂ ಬರುತ್ತದೆ. ಎರಡು ವರ್ಷ ತುಂಬಿದವರು ಅಳೆದಿಟ್ಟ ಹಿಟ್ಟನ್ನು ಬಟ್ಟಲಿನಿಂದ ಸುರಿಯುತ್ತಾರೆ, ಶೇಂಗಾ ಪುಡಿ ಉದುರಿಸುತ್ತಾರೆ. ಮೂರರವರು ಜರಡಿ ಹಿಡಿಯುತ್ತಾರೆ, ಸೌಟು ತಿರುಗಿಸುತ್ತಾರೆ. ಅರ್ಧ ಹಿಟ್ಟು ನೆಲಕ್ಕೆ ಬೀಳುತ್ತದೆ, ಬೀಳಲಿ. ನೆಲದ ಮೇಲೆ ಒಂದು ಹಳೆಯ ಚಾದರ ಹಾಸಿ ಅದರ ಮೇಲೆ ಎಲ್ಲರೂ ಕೂತರೆ ಕಟ್ಟೆಯ ತೊಡಕೇ ಇರುವುದಿಲ್ಲ. “ನಾ ಹಾಕ್ತೀನಿ, ನೀ ಬ್ಯಾಡ” ಎಂದು ಮೊಮ್ಮಗಳು ನನ್ನ ಕೈ ತಳ್ಳಿದಾಗ ನಾನು ಹಿಂದೆ ಸರಿದು ಕೂಡುತ್ತೇನೆ. ಬೆಂಕಿ, ಚಾಕು, ಕಾದ ಹಂಚು ದೊಡ್ಡವರವು. ಉಳಿದದ್ದರಲ್ಲಿ ಅವಸರ ಮಾಡಬಾರದು.

ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾಲದಲ್ಲಿ ಕೊಡೈಕೆನಾಲಿನಲ್ಲೂ ಇದ್ದು ಇಲ್ಲಿನ ಶಿಕ್ಷಕರಿಗೆ ಕಲಿಸಿದರು. ಅವರ ಪದ್ಧತಿಯಲ್ಲಿ ಅಕ್ಷರಕ್ಕಿಂತ ಮೊದಲು ಬರುವುದು ನೀರು ಸುರಿಯುವುದು, ಕಾಳು ಆರಿಸುವುದು, ಗುಡಿಸುವುದು. ಮುಂದೆ ಬಳಪ ಹಿಡಿಯುವ ಬೆರಳು ಈ ಕೆಲಸಗಳಲ್ಲೇ ಗಟ್ಟಿಯಾಗುತ್ತದೆ. ದುಬಾರಿ ಶಾಲೆಗಳು ಇವತ್ತು ಈ ಪಾಠಕ್ಕೆ ಫೀಸು ತೆಗೆದುಕೊಳ್ಳುತ್ತವೆ. ನಮ್ಮ ಊರಿನ ಮಕ್ಕಳಿಗೆ ಅದು ಪಡಸಾಲೆಯಲ್ಲೇ ಸಿಗುತ್ತಿತ್ತು, ಮೊರದ ತುಂಬ ತೊಗರಿ ಹಸನು ಮಾಡುವ ಅಜ್ಜಿಯ ಪಕ್ಕದಲ್ಲಿ.

ತಿನ್ನುವ ಮಾತಿಗೆ ಬಂದರೆ, ಹೊಸ ರುಚಿಯನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲ ಅದು ಎದುರಿಗೆ ಬರಬೇಕಾಗುತ್ತದೆ ಎಂದು ಮಕ್ಕಳ ಊಟವನ್ನು ಅಭ್ಯಾಸ ಮಾಡಿದವರು ಕಂಡುಕೊಂಡಿದ್ದಾರೆ. ನಾವು ಎರಡು ಸಲ ಉಗುಳಿದ ಕೂಡಲೇ “ಇದಕ್ಕೆ ಇದು ಸೇರಂಗಿಲ್ಲ” ಎಂದು ತೀರ್ಮಾನ ಕೊಡುತ್ತೇವೆ. ಕೈಯಿಂದ ಮುಟ್ಟಿ, ಮೂಸಿ, ಕಿವುಚಿದ್ದೂ ಒಂದು ಪರಿಚಯವೇ. ನುಗ್ಗೆಸೊಪ್ಪನ್ನು ಪಲ್ಯದಲ್ಲಿ ದೂರ ತಳ್ಳುವ ಮಗು ತಾನೇ ಎಲೆ ಬಿಡಿಸಿ ಹಿಟ್ಟಿಗೆ ಹಾಕಿದ ಪಡ್ಡಿನಲ್ಲಿ ಅದೇ ಸೊಪ್ಪನ್ನು ತಿಂದದ್ದು ನಾನು ನೋಡಿದ್ದೇನೆ. ಬಾಳೆಹಣ್ಣು, ಖರ್ಜೂರ ಬಿಟ್ಟು ಜೀರಿಗೆ, ಗಜ್ಜರಿ ತುರಿ, ಸೊಪ್ಪು ಹಾಕಿದರೆ ಖಾರವಿಲ್ಲದ ಇನ್ನೊಂದು ಬಗೆ ಆಗುತ್ತದೆ. ನನಗೆ ಅದೇ ಹೆಚ್ಚು ಇಷ್ಟ.

ಬೆಲ್ಲದ ವಿಷಯದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಸಕ್ಕರೆ ಕೆಟ್ಟದ್ದು, ಬೆಲ್ಲ ಎಷ್ಟು ಹಾಕಿದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಎರಡು ವರ್ಷದೊಳಗಿನ ಕೂಸಿಗೆ ಬೆಲ್ಲವೂ ಸಕ್ಕರೆಯೇ. 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿಯಲ್ಲೂ ಆ ವಯಸ್ಸಿನವರಿಗೆ ಸಕ್ಕರೆ ಸೇರಿಸಬೇಡಿ ಎಂದೇ ಇದೆ. ಬಾಳೆಹಣ್ಣು, ಖರ್ಜೂರದ ಸಿಹಿ ಅವರಿಗೆ ಸಾಕು. ವರ್ಷ ತುಂಬದವರಿಗೆ ಜೇನುತುಪ್ಪ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವನ್ನು ಅವರ ಕರುಳು ತಡೆಯಲಾರದು. ಇಡೀ ಶೇಂಗಾ ಕಾಳು ಐದು ವರ್ಷದವರೆಗೂ ಬೇಡ, ಗಂಟಲಿಗೆ ಸಿಕ್ಕರೆ ಉಸಿರೇ ಕಟ್ಟುತ್ತದೆ. ಪುಡಿ ಮಾಡಿದ್ದು ಆದೀತು. ಪಡ್ಡನ್ನೂ ಸಣ್ಣವರಿಗೆ ಮುರಿದೇ ಕೊಡಬೇಕು. ಮೊಟ್ಟೆ ಹಾಕಿದ ಹಸಿ ಹಿಟ್ಟನ್ನು ಬೆರಳಿನಿಂದ ನೆಕ್ಕಲು ಬಿಡಬಾರದು, ಅದಕ್ಕೇ ಮೊಟ್ಟೆ ಕೊನೆಗೆ, ದೊಡ್ಡವರ ಕೈಯಿಂದ. ಹಸಿ ಹಿಟ್ಟಿನ ಕೈಯನ್ನು ಸಾಬೂನು ಹಚ್ಚಿ ತೊಳೆಸಬೇಕು.

ಇಷ್ಟೆಲ್ಲ ಮಾಡಿ ಜೊತೆಗೆ ಚಾ ಕೊಟ್ಟರೆ ಅರ್ಧ ಕೆಲಸ ಕೆಟ್ಟಂತೆ. ನಮ್ಮ ಕಡೆ ಹಲ್ಲು ಮೂಡುವ ಮೊದಲೇ ಕೂಸಿನ ಬಾಯಿಗೆ ಚಾದಲ್ಲಿ ಅದ್ದಿದ ಬಿಸ್ಕಿಟು ಬೀಳುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ. ಚಾದ ಒಗರು ಆಹಾರದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಜೋಳ, ಸಜ್ಜೆಗಳ ಕಬ್ಬಿಣ ಮೊದಲೇ ಸುಲಭವಾಗಿ ಹತ್ತುವಂಥದ್ದಲ್ಲ. ಅದರ ಜೊತೆ ಪೇರಲ ಹಣ್ಣಿನ ಒಂದು ಹೋಳೋ ನಿಂಬೆರಸದ ನೀರೋ ಇದ್ದರೆ ಹೆಚ್ಚು ಹತ್ತುತ್ತದೆ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ ಇತ್ತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ನೂರಕ್ಕೆ 35.4. ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆಯ ಸುದ್ದಿ 2011ರ ಸುಮಾರಿಗೆ ರಾಜ್ಯದ ತುಂಬ ಹಬ್ಬಿ, ಮಾತು ಹೈಕೋರ್ಟಿನ ತನಕ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯಲ್ಲಿ ಸಮಿತಿಯೇ ಆಯಿತು. ಅದೇ ಜಿಲ್ಲೆಯ ದೇವದುರ್ಗ ಎಂದರೆ ಹೊರಗಿನವರಿಗೆ ಈ ಸುದ್ದಿಯೇ ನೆನಪಾಗುವ ಕಾಲ ಒಂದಿತ್ತು. ಅಂಥ ಜಿಲ್ಲೆಯಲ್ಲಿ ಕೂತು ಮಫಿನ್ ಮಾತಾಡುವುದು ಸಲ್ಲದು ಎಂದು ಯಾರಾದರೂ ಅಂದರೆ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಜೋಳ, ಶೇಂಗಾ, ಮೊಟ್ಟೆ, ಹಣ್ಣು ಒಂದೇ ತುತ್ತಿನಲ್ಲಿ ಸೇರಿ ಕೂಸಿನ ಹೊಟ್ಟೆಗೆ ಹೋಗುವುದಾದರೆ ಆ ತುತ್ತು ಅತಿ ಹೆಚ್ಚು ಬೇಕಾಗಿರುವುದು ಇಲ್ಲಿಯೇ.

ತೊಡಕು ಇರುವುದು ಹೊತ್ತಿನದು. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ, ಭತ್ತ ನಾಟಿ ಮಾಡುವ ದಿನಗಳಲ್ಲಿ ತಾಯಿ ಮುಂಜಾನೆಯೇ ಟಂಟಂ ಹತ್ತಿ ಹೊಲಕ್ಕೆ ಹೋಗಿರುತ್ತಾಳೆ. ದೇವದುರ್ಗ ಕಡೆಯ ಎಷ್ಟೋ ಮಂದಿ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳ ಕೆಳಗೆ ತಗಡಿನ ಶೆಡ್ಡಿನಲ್ಲಿರುತ್ತಾರೆ, ಕೂಸು ಮರಳಿನ ರಾಶಿಯ ಮೇಲೆ ಆಡುತ್ತಿರುತ್ತದೆ. ಕೂಸನ್ನು ಕೂಡಿಸಿಕೊಂಡು ಹಿಟ್ಟು ಕಲೆಸು ಎಂದು ಆ ತಾಯಿಗೆ ಉಪದೇಶ ಮಾಡುವ ಹಕ್ಕು ನನಗಿಲ್ಲ. ಊರಿನಲ್ಲಿ ಉಳಿದ ಅಜ್ಜಿಗೆ ಹೇಳಬಹುದು. ಅದಕ್ಕಿಂತ ಹೆಚ್ಚಾಗಿ ಊರಿನ ಅಂಗನವಾಡಿಗೂ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಗೂ ಹೇಳಬೇಕು.

1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಕರ್ನಾಟಕದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅಂಗನವಾಡಿಗಳು ಬೆಳೆದು ಇವತ್ತು ಹಾಲು, ಮೊಟ್ಟೆ, ಬಿಸಿಯೂಟ ಕೊಡುತ್ತಿವೆ. ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಹೇಳಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ನಮ್ಮೂರಿನ ಹೆಣ್ಣುಮಕ್ಕಳೇ, ಜೋಳದ ಹಿಟ್ಟಿನ ಗುಣ ಬಲ್ಲವರು. ಇಂಥ ಒಂದೊಂದು ಮನೆಗೆ ಒಂದು ಪಡ್ಡಿನ ಹಂಚು, ಒಂದು ಚಾದರ, ನಾಲ್ಕು ಸಣ್ಣ ಬಟ್ಟಲು, ಇಷ್ಟೇ ಬೇಕು. ವಾರಕ್ಕೊಂದು ದಿನ, ಮಧ್ಯಾಹ್ನದ ನಿದ್ದೆ ಎದ್ದ ಮೇಲೆ, ಮಕ್ಕಳನ್ನು ಸುತ್ತ ಕೂಡಿಸಿಕೊಳ್ಳಲಿ. ಒಬ್ಬರು ಹಂಚಿನ ಹತ್ತಿರ ಇರಲಿ, ಇನ್ನೊಬ್ಬರು ಮಕ್ಕಳ ಹತ್ತಿರ. ದೊಡ್ಡ ಕೂಸು ಹಿಟ್ಟು ಸುರಿಯಲಿ, ಸಣ್ಣದು ಬಾಳೆಹಣ್ಣು ಕಿವುಚಲಿ. ಹೊಲದಿಂದ ತಿರುಗಿ ಬಂದ ತಾಯಿಗೂ ಎರಡು ಉಳಿಸಿಡಲಿ. ಪಂಚಾಯಿತಿಗೆ ಇದಕ್ಕಾಗುವ ಖರ್ಚು ಒಂದು ಹಂಚಿನ ಬೆಲೆ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಬೇಕು ಎಂದಿದ್ದೇನೆ. ಸಿರವಾರ, ಮಾನ್ವಿ, ದೇವದುರ್ಗದ ಬೇರೆ ಊರುಗಳಲ್ಲೂ ಯಾರಾದರೂ ಎತ್ತಿದರೆ ಒಳ್ಳೆಯದು.