ರೌದ್ರದ ಬೆನ್ನಿಗೆ ಕರುಣ

ಪುರುಷನೊಬ್ಬನು ತೆರೆಯ ಮೇಲೆ ನೂರು ಜನರನ್ನು ಕೊಂದರೆ, ಅವನು ಸಮಸ್ತ ಪುರುಷಕುಲದ ಪರವಾಗಿ ಕೊಂದನೆಂದು ಯಾವ ವಿಮರ್ಶಕನೂ ಬರೆಯುವುದಿಲ್ಲ. ಆದರೆ ಕ್ವೆಂಟಿನ್ ಟ್ಯಾರಂಟಿನೋ ನಿರ್ದೇಶಿಸಿ, 2003 ಮತ್ತು 2004ರಲ್ಲಿ ಎರಡು ಭಾಗಗಳಾಗಿ ತೆರೆಕಂಡ ‘ಕಿಲ್ ಬಿಲ್’ನಲ್ಲಿ ಉಮಾ ಥರ್ಮನ್ ಖಡ್ಗವನ್ನು ಹಿರಿದೊಡನೆಯೇ, ಇದು ಸ್ತ್ರೀವಿಮೋಚನೆಯೋ ಅಥವಾ ಪುರುಷನ ಕಣ್ಣಿಗೆ ಬಡಿಸಿದ ಹೊಸ ವಿನೋದವೋ ಎಂಬ ವಿವಾದವೆದ್ದಿತು. ಪ್ರಶ್ನೆ ಕ್ಷುಲ್ಲಕವಲ್ಲ. ಆದರೂ ಅದನ್ನೇ ಮೊದಲು ಕೇಳುವವನು ಆ ಹೆಂಗಸನ್ನು ವ್ಯಕ್ತಿಯಾಗಿ ಕಾಣುವ ಮುನ್ನವೇ ಪ್ರತೀಕವಾಗಿ ಮಾಡಿಬಿಡುತ್ತಾನೆ. ಗಂಡಿಗೆ ಸಹಜವಾಗಿ ದೊರೆತ ಸ್ವಂತ ಸಿಟ್ಟೆಂಬ ಹಕ್ಕು ಅವಳಿಗೆ ಅಲ್ಲಿಯೇ ತಪ್ಪಿಹೋಗುತ್ತದೆ.

ಅಮೆರಿಕದ ಖ್ಯಾತ ವಿಮರ್ಶಕ ರೋಜರ್ ಈಬರ್ಟ್‌ನ ತೀರ್ಪುಗಳನ್ನು ನೋಡಿರಿ. ಅತ್ಯಾಚಾರಕ್ಕೊಳಗಾದ ಲೇಖಕಿಯೊಬ್ಬಳ ಪ್ರತೀಕಾರವನ್ನು ಚಿತ್ರಿಸಿದ ‘ಐ ಸ್ಪಿಟ್ ಆನ್ ಯುವರ್ ಗ್ರೇವ್’ಗೆ ಅವನು ಒಂದು ನಕ್ಷತ್ರವನ್ನೂ ಕೊಡಲಿಲ್ಲ, ಚಿತ್ರದಷ್ಟೇ ಅವನನ್ನು ಕಲಕಿದ್ದು, ಅತ್ಯಾಚಾರದ ದೃಶ್ಯಕ್ಕೆ ಹುರಿದುಂಬಿಸಿ ಕೂಗುತ್ತಿದ್ದ ಪಕ್ಕದ ಪ್ರೇಕ್ಷಕರು. ಹನ್ನೊಂದು ವರ್ಷದ ಹುಡುಗಿ ಕೊಲ್ಲುವ, ಪೆಟ್ಟು ತಿನ್ನುವ ‘ಕಿಕ್-ಆಸ್’ಗೆ 2010ರಲ್ಲಿ ಅವನಿತ್ತುದು ಒಂದೇ ನಕ್ಷತ್ರ. ರಕ್ತದಲ್ಲಿ ಎರಡನ್ನೂ ಮೀರಿಸಿದ ‘ಕಿಲ್ ಬಿಲ್’ಗಾದರೋ ನಾಲ್ಕಕ್ಕೆ ನಾಲ್ಕು! ಕೌಶಲವು ಅವನನ್ನು ಗೆದ್ದಿತ್ತು. ಕೌಶಲಕ್ಕೆ ಅಂತಹ ಅಧಿಕಾರವುಂಟೆಂದು ನಾನು ಒಪ್ಪಲಾರೆ.

ರೌದ್ರರಸದಿಂದ ಕರುಣರಸವು ಹುಟ್ಟುತ್ತದೆಂದು ಭರತಮುನಿ ಹೇಳಿದ್ದಾನೆ. ಕೌಶಲದ ಬದಲು ನನಗೆ ತೋರುವ ಒರೆಗಲ್ಲು ಇದೇ: ಬಿದ್ದ ಪೆಟ್ಟಿನ ಬೆನ್ನಿಗೆ ಕರುಣ ಬಂದಿತೆ, ಇಲ್ಲವೆ? ‘ಕಿಲ್ ಬಿಲ್’ನ ಆರಂಭದಲ್ಲಿ ಪ್ಯಾಸಡೀನಾದ ಮನೆಯೊಂದರ ನಡುಕೋಣೆಯಲ್ಲಿ ಒಡೆದ ಗಾಜಿನ ಮೇಲೆ ಇಬ್ಬರು ಹೆಂಗಸರು ಚೂರಿ ಹಿಡಿದು ಎದುರುಬದುರಾಗಿ ನಿಂತಿರುವಾಗ, ಕಿಟಕಿಯಾಚೆ ಶಾಲೆಯ ಬಸ್ಸು ಬಂದು ನಿಲ್ಲುತ್ತದೆ, ಬಾಗಿಲು ತೆರೆದು ಮಗು ಒಳಬರುವಷ್ಟರಲ್ಲಿ ಇಬ್ಬರೂ ಚೂರಿಗಳನ್ನು ಬೆನ್ನ ಹಿಂದೆ ಮರೆಸಿಕೊಳ್ಳುತ್ತಾರೆ, ಇದೆಲ್ಲ ನಾಯಿಯ ಕೆಲಸವೆಂದು ತಾಯಿ ಸುಳ್ಳಾಡುತ್ತಾಳೆ. ಕೆಲವೇ ನಿಮಿಷಗಳಲ್ಲಿ ಆ ತಾಯಿ ಅಡುಗೆಮನೆಯಲ್ಲಿ ಸತ್ತು ಬಿದ್ದಿರುತ್ತಾಳೆ, ಮಗು ಬಾಗಿಲಲ್ಲಿ ನಿಂತು ನೋಡುತ್ತಿರುತ್ತದೆ. ನೀನು ದೊಡ್ಡವಳಾದ ಮೇಲೂ ಈ ನೋವು ಆರದಿದ್ದರೆ ನಾನು ನಿನಗಾಗಿ ಕಾದಿರುತ್ತೇನೆಂದು ಕೊಂದವಳೇ ಹೇಳುತ್ತಾಳೆ. ಇಲ್ಲಿ ರೌದ್ರವು ತನ್ನ ಸಾಲವನ್ನು ತಾನೇ ಒಪ್ಪಿಕೊಂಡಿದೆ. ಇದೇ ಚಿತ್ರದ ಜಪಾನೀ ಉಪಾಹಾರಗೃಹದ ಮಹಾಸಂಹಾರದಲ್ಲಿ, ಕೈಕಾಲುಗಳು ತುಂಡಾಗಿ ಹಾರಿದರೂ, ನನ್ನೊಳಗೆ ಅಂತಹದೇನೂ ಮೂಡಲಿಲ್ಲ. ಅಲ್ಲಿ ಸತ್ತವರಿಗೆ ಅಳುವವರನ್ನು ನಿರ್ದೇಶಕನು ಕೊಡಲಿಲ್ಲ.

ಈ ಒರೆಗಲ್ಲು ವಿಮರ್ಶಕರಿಗೂ ಸಲ್ಲಬೇಕು. ‘ಕಿಲ್ ಬಿಲ್’ನ ಚಿತ್ರೀಕರಣದ ವೇಳೆ, ತನಗೆ ಒಪ್ಪಿಗೆಯಿಲ್ಲದಿದ್ದರೂ ಕಾರನ್ನು ತಾನೇ ಓಡಿಸಬೇಕಾಗಿ ಬಂದು, ಅದು ಮರಕ್ಕೆ ಬಡಿದು, ಕುತ್ತಿಗೆಗೂ ಮಂಡಿಗಳಿಗೂ ಮಾಸದ ಪೆಟ್ಟಾಯಿತೆಂದು ಥರ್ಮನ್ 2018ರಲ್ಲಿ ಬಹಿರಂಗಪಡಿಸಿದಳು. ಟ್ಯಾರಂಟಿನೋ ಪಶ್ಚಾತ್ತಾಪವನ್ನು ತೋಡಿಕೊಂಡನು. ಕಾರಿನ ಹಿಂಬದಿಗೆ ಬಿಗಿದಿದ್ದ ಕ್ಯಾಮೆರಾ ಅದೆಲ್ಲವನ್ನೂ ಕಂಡಿತ್ತು, ಆದರೆ ಆ ದೃಶ್ಯ ಅವಳ ಕೈಸೇರಲು ಸುಮಾರು 15 ವರ್ಷ ಹಿಡಿಯಿತು. ತೆರೆಯ ಮೇಲಿನ ಬಣ್ಣದ ರಕ್ತವನ್ನು ಕುರಿತು ನಾವೆಲ್ಲರೂ ವಾದಿಸುತ್ತಿದ್ದ ಆ ವರ್ಷಗಳುದ್ದಕ್ಕೂ ಅವಳ ಕುತ್ತಿಗೆ ನೋಯುತ್ತಲೇ ಇದ್ದಿತು.