ತಿಳಿಸಿದ ಮೇಲೂ ಉಳಿಯುವ ಹೊಣೆ

‘ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ.’ ನಮ್ಮ ಕಚೇರಿ ಕನ್ನಡದಲ್ಲಿ ಇಷ್ಟು ನೆಮ್ಮದಿ ಕೊಡುವ ವಾಕ್ಯ ಇನ್ನೊಂದಿಲ್ಲ. ಯಾರು ತಂದರು, ಯಾರ ಗಮನ ನಿಜಕ್ಕೂ ಅತ್ತ ಹರಿಯಿತು ಎಂಬುದನ್ನು ಅದು ಹೇಳುವುದಿಲ್ಲ. ಆದರೂ ಬರೆದವನ ಹೆಗಲು ಹಗುರಾಗುತ್ತದೆ. ತಿಳಿಸಿದ ಮಾತ್ರಕ್ಕೆ ಹೊಣೆ ತೀರುತ್ತದೆಯೇ? ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ಸಮುದ್ರದಲ್ಲಿ.

ಸರಕು ಹಡಗುಗಳಲ್ಲಿ ಸೆಕೆಂಡ್ ಆಫೀಸರ್ ಆಗಿದ್ದಾಗ ರಾತ್ರಿ ಹನ್ನೆರಡರಿಂದ ನಾಲ್ಕರವರೆಗಿನ ವಾಚ್ ನನ್ನದಾಗಿತ್ತು. ವಾಚ್ ಎಂದರೆ ಕಾವಲು. ಹಡಗು ನಡೆಸುವ ಎತ್ತರದ ಕೋಣೆಯಾದ ಬ್ರಿಡ್ಜ್‌ನಲ್ಲಿ ನಿಂತು ಕಣ್ಣು, ಕಿವಿ, ರೇಡಾರ್ ಎಲ್ಲವನ್ನೂ ಬಳಸಿ ಸುತ್ತ ನೋಡುತ್ತಿರಬೇಕು. ಕ್ಯಾಪ್ಟನ್ ಮಲಗುವ ಮುನ್ನ ಆ ರಾತ್ರಿಯ ಆದೇಶಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ನಾವು ಓದಿ ಸಹಿ ಹಾಕುತ್ತೇವೆ. ಅದರಲ್ಲಿ ತಪ್ಪದೆ ಇರುವ ಸಾಲು ಒಂದೇ: ಸಂಶಯ ಬಂದರೆ ನನ್ನನ್ನು ಕರೆಯಿರಿ. ಓದಲು ಸುಲಭ. ಆದರೆ ದಣಿದು ಮಲಗಿದ ಹಿರಿಯರನ್ನು ರಾತ್ರಿ ಎರಡು ಗಂಟೆಗೆ, ಬರೀ ಸಂಶಯವೊಂದನ್ನು ಹಿಡಿದುಕೊಂಡು ಎಬ್ಬಿಸುವುದು ಎಂಥ ಮುಜುಗರವೆಂದು ಆ ವಾಚ್ ಮಾಡಿದವರಿಗೆ ಗೊತ್ತು.

ಹರ್ಬರ್ಟ್ ಸ್ಟೋನ್ ಮಾಡುತ್ತಿದ್ದುದೂ ಇದೇ ವಾಚ್. 1912ರ ಏಪ್ರಿಲ್ 14ರ ರಾತ್ರಿ ‘ಕ್ಯಾಲಿಫೋರ್ನಿಯನ್’ ಎಂಬ ಹಡಗು ಉತ್ತರ ಅಟ್ಲಾಂಟಿಕ್‌ನಲ್ಲಿ ಹಿಮಗಡ್ಡೆಗಳ ನಡುವೆ ನಿಂತಿತ್ತು. ಅದರ ಏಕೈಕ ವೈರ್‌ಲೆಸ್ ಆಪರೇಟರ್ ಯಂತ್ರ ಆರಿಸಿ ಮಲಗಿದ್ದರು. 11:40ಕ್ಕೆ, ಮೈಲಿಗಳಾಚೆ, ಟೈಟಾನಿಕ್ ಹಿಮಬಂಡೆಗೆ ತಾಗಿತು. ನಡುರಾತ್ರಿಯ ನಂತರ ಕಾವಲಿಗೆ ಬಂದ ಸ್ಟೋನ್ ದೂರದಲ್ಲಿ ಬಿಳಿ ರಾಕೆಟ್‌ಗಳು ಏರುವುದನ್ನು ಕಂಡರು. ಕೆಳಗಿನ ಕೋಣೆಯಲ್ಲಿ ಒರಗಿದ್ದ ಕ್ಯಾಪ್ಟನ್ ಸ್ಟ್ಯಾನ್ಲಿ ಲಾರ್ಡ್ ಅವರಿಗೆ ಮಾತಿನ ಕೊಳವೆಯ ಮೂಲಕ ತಿಳಿಸಿದರು. ಮೋರ್ಸ್ ದೀಪದಿಂದ ಕರೆಯುತ್ತಿರು ಎಂಬ ಉತ್ತರ ಬಂತು. ಕರೆದರು, ಮರುಕರೆ ಬರಲಿಲ್ಲ. ಸುಮ್ಮನೆ ಯಾರೂ ಸಮುದ್ರದಲ್ಲಿ ರಾಕೆಟ್ ಹಾರಿಸುವುದಿಲ್ಲ ಎಂದು ಜೊತೆಗಿದ್ದ ತರಬೇತಿಯ ಹುಡುಗ ಗಿಬ್ಸನ್ ಬಳಿ ಸ್ಟೋನ್ ಹೇಳಿದರಂತೆ. ಇದು ಗಿಬ್ಸನ್ ಕೊಟ್ಟ ಸಾಕ್ಷ್ಯ. ಒಟ್ಟು ಎಂಟು ರಾಕೆಟ್. ಗಿಬ್ಸನ್‌ನನ್ನು ಕೆಳಗೆ ಕಳಿಸಿ ಮತ್ತೆ ತಿಳಿಸಿದರು. ಆಮೇಲೆ ಕೊಳವೆಯಲ್ಲಿ ಇನ್ನೊಮ್ಮೆ. ಅಷ್ಟರಲ್ಲಿ ಟೈಟಾನಿಕ್ ಮುಳುಗಿಯಾಗಿತ್ತು. ಸತ್ತವರು ಸುಮಾರು 1,500 ಮಂದಿ. ಮಲಗಿದ್ದ ವೈರ್‌ಲೆಸ್ ಆಪರೇಟರ್‌ನನ್ನು ಎಬ್ಬಿಸಿದ್ದು ಬೆಳಗಿನ ಜಾವ ಐದರ ನಂತರ.

ಸ್ಟೋನ್ ಕಣ್ಣು ಮುಚ್ಚಿ ಕೂತವರಲ್ಲ. ಕಂಡದ್ದನ್ನು ಮೂರು ಸಲ ತಿಳಿಸಿದವರು. ಅವರ ಕಡತ ಸರಿಯಾಗಿಯೇ ಇದೆ. ಹಾಗಿದ್ದೂ ಅವರ ಕತೆ ಓದಿದಾಗಲೆಲ್ಲ ಮನಸ್ಸು ಒಪ್ಪುವುದಿಲ್ಲ. ಏಕೆಂದರೆ ಪ್ರತಿ ಸಲ ತಿಳಿಸಿದಾಗಲೂ ಹೊಣೆ ಕೊಳವೆಯಲ್ಲಿ ಇಳಿದು ಹೋಯಿತು, ಕೆಳಗೆ ಅದನ್ನು ಎತ್ತಿಕೊಳ್ಳುವವರು ಇರಲಿಲ್ಲ. ನಂತರದ ಕರೆಗಳು ತಮಗೆ ಸರಿಯಾಗಿ ನೆನಪೇ ಇಲ್ಲ, ನಿದ್ದೆಗಣ್ಣಿನಲ್ಲಿದ್ದೆ ಎಂದು ಲಾರ್ಡ್ ವಿಚಾರಣೆಯಲ್ಲಿ ಹೇಳಿದರು. ಕ್ಯಾಪ್ಟನ್‌ಗೆ ಗೊತ್ತಿದೆ ಎಂದು ಮೇಲಿದ್ದವರು ನಂಬಿದ್ದರು. ಗಂಭೀರವಾದದ್ದಾದರೆ ಮೇಲಿದ್ದವನು ಬಂದು ಹೇಳುತ್ತಾನೆ ಎಂದು ಕೆಳಗಿದ್ದವರು ನಂಬಿದ್ದಿರಬಹುದು. ಇಬ್ಬರ ನಂಬಿಕೆಯ ನಡುವೆ ಕೆಲಸ ಅನಾಥವಾಯಿತು.

ಹಡಗು ಹೊರಟಿದ್ದರೂ ಸಮಯಕ್ಕೆ ತಲುಪುತ್ತಿತ್ತೇ ಎಂಬ ವಾದ ಇನ್ನೂ ನಡೆದಿದೆ. 1912ರ ಬ್ರಿಟಿಷ್ ವಿಚಾರಣೆ ಬಹಳಷ್ಟು ಜನರನ್ನು ಉಳಿಸಬಹುದಿತ್ತು ಎಂದಿತು. 1992ರ ಸರ್ಕಾರಿ ಮರುಪರಿಶೀಲನೆ ತಲುಪುವುದು ಸಾಧ್ಯವಿರಲಿಲ್ಲ ಎಂದಿತು, ಆದರೆ ರಾಕೆಟ್ ಕಂಡ ಮೇಲೆ ಮಾಡಬೇಕಾದುದನ್ನು ಮಾಡಲಿಲ್ಲವೆಂಬುದನ್ನು ಅದೂ ಒಪ್ಪಿತು. ನನಗೆ ಈ ಎರಡನೆಯ ಮಾತು ಮುಖ್ಯ. ಯಾರೂ ಉಳಿಯದಿದ್ದರೂ ಆಪರೇಟರ್‌ನನ್ನು ಎಬ್ಬಿಸಬೇಕಿತ್ತು. ಕಾವಲಿನ ಕರ್ತವ್ಯ ಫಲ ನೋಡಿ ಹುಟ್ಟುವಂಥದ್ದಲ್ಲ, ಕಣ್ಣಿಗೆ ಬಿದ್ದದ್ದರಿಂದ ಹುಟ್ಟುವಂಥದ್ದು.

ಇಂದಿನ ಕಾವಲು ನಿಯಮಗಳು 1978ರ ಎಸ್‌ಟಿಸಿಡಬ್ಲ್ಯು ಒಪ್ಪಂದದ ಅಡಿಯಲ್ಲಿವೆ. ಅವುಗಳಲ್ಲಿ ಎರಡು ಮಾತು ನನಗೆ ನೀತಿಶಾಸ್ತ್ರದಂತೆ ಕಾಣುತ್ತವೆ. ಒಂದು: ಕ್ಯಾಪ್ಟನ್ ಬ್ರಿಡ್ಜ್‌ಗೆ ಬಂದು ಪಕ್ಕದಲ್ಲೇ ನಿಂತರೂ ಹೊಣೆ ಕಾವಲಿನ ಅಧಿಕಾರಿಯದೇ. ‘ಇನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಅವರು ಸ್ಪಷ್ಟವಾಗಿ ಹೇಳಬೇಕು, ಅದು ಇಬ್ಬರಿಗೂ ಅರ್ಥವಾಗಿರಬೇಕು. ಎರಡು: ಕ್ಯಾಪ್ಟನ್‌ಗೆ ತಿಳಿಸಬೇಕಾದ ಸಂದರ್ಭದಲ್ಲೂ, ಅಗತ್ಯವಿದ್ದರೆ ಹಡಗಿನ ಸುರಕ್ಷತೆಗಾಗಿ ತಕ್ಷಣ ಕ್ರಮ ಕೈಗೊಳ್ಳಲು ಅಧಿಕಾರಿ ಹಿಂಜರಿಯಬಾರದು.

ಹೊಣೆ ಕೊಟ್ಟ ಕ್ಷಣದಲ್ಲಿ ದಾಟುವುದಿಲ್ಲ, ಇನ್ನೊಬ್ಬರು ತೆಗೆದುಕೊಂಡ ಕ್ಷಣದಲ್ಲಿ ದಾಟುತ್ತದೆ. ಅಲ್ಲಿಯವರೆಗೆ ಅದು ಕಂಡವನ ಕೈಯಲ್ಲೇ ಇರುತ್ತದೆ.

ಎಲ್ಲರೂ ಎಲ್ಲವನ್ನೂ ಮೈಮೇಲೆ ಹಾಕಿಕೊಂಡರೆ ಯಾವ ಹಡಗೂ ನಡೆಯದು ಎಂಬ ಆಕ್ಷೇಪ ಸರಿಯೇ. ಆಜ್ಞೆಯ ಏಣಿ ಬೇಕು; ಕತ್ತಲಲ್ಲಿ ಹಡಗನ್ನು ಹಿಮದೊಳಗೆ ನುಗ್ಗಿಸು ಎಂದು ಸ್ಟೋನ್ ಅವರನ್ನು ಯಾರೂ ಕೇಳುತ್ತಿಲ್ಲ. ಮೆಟ್ಟಿಲಿಳಿದು ಹೋಗಿ, ಕ್ಯಾಪ್ಟನ್ ಎದ್ದು ಕೂತು ಕಣ್ಣುಬಿಡುವವರೆಗೆ ನಿಲ್ಲುವುದು ಅವರ ಅಧಿಕಾರದೊಳಗೇ ಇತ್ತು. ಬೈಸಿಕೊಳ್ಳುವ ಸಾಧ್ಯತೆಯೂ ಇತ್ತು. ನಮ್ಮಲ್ಲಿ ಹೆಚ್ಚಿನವರನ್ನು ತಡೆಯುವುದು ಅಷ್ಟೇ: ಕಂಡದ್ದು ಸುಳ್ಳಾದರೆ ನಗೆಪಾಟಲಾಗುವ ಭಯ. ಆ ಭಯವನ್ನು ನುಂಗಿಕೊಳ್ಳಲೆಂದೇ ಒಬ್ಬರನ್ನು ಎಚ್ಚರವಾಗಿ ನಿಲ್ಲಿಸಿರುತ್ತಾರೆ. ಉಳಿದವರು ಅವರನ್ನು ನಂಬಿ ಮಲಗಿರುತ್ತಾರೆ.