ವರ್ತಕನ ಕೈಗೆ ಅಧಿಕಾರ ಬಂದಾಗ

ಚುನಾವಣೆ ಹತ್ತಿರವಾದಾಗ ಚಹಾದಂಗಡಿಯಲ್ಲೂ ಮಸೀದಿಯ ಜಗಲಿಯಲ್ಲೂ ಕೇಳಿಬರುವ ಒಂದು ಮಾತಿದೆ: “ಅವರಿಗೆ ಅಲ್ಲಾಹನು ಬೇಕಾದಷ್ಟು ಕೊಟ್ಟಿದ್ದಾನೆ. ಕದಿಯುವ ಅಗತ್ಯ ಅವರಿಗೇನಿದೆ?” ಜಮಾಅತ್ ಕಮಿಟಿಗೆ ಅಧ್ಯಕ್ಷರನ್ನು ಆರಿಸುವಾಗಲೂ ಇದೇ ವಾದ. ರಾಜಕಾರಣಿಗಳಿಂದ ಬೇಸತ್ತ ಜನರೆದುರು, ಸ್ವಂತ ದುಡಿಮೆಯಿಂದ ಮೇಲೆ ಬಂದ ವರ್ತಕನೊಬ್ಬ ಹೊರಗಿನಿಂದ ಬಂದು ನಿಂತರೆ ಆಶೆ ಚಿಗುರುವುದು ಸಹಜ. ಆದರೆ ಉದ್ಯಮ ಕಟ್ಟಿದವನು ನಾಡನ್ನೂ ಕಟ್ಟಬಲ್ಲನೇ?

ಹಿಂದೂ ಮಹಾಸಾಗರದ ದ್ವೀಪರಾಷ್ಟ್ರ ಮಡಗಾಸ್ಕರ್ ಈ ಆಶೆಯನ್ನು ಎರಡು ಬಾರಿ ಪರೀಕ್ಷಿಸಿ ನೋಡಿತು. (ಗುಜರಾತಿನ ಖೋಜಾ, ಬೋಹ್ರಾ ಮನೆತನಗಳು ತಲೆಮಾರುಗಳಿಂದ ವ್ಯಾಪಾರ ಮಾಡಿಕೊಂಡು ಬಂದ ನಾಡದು.) 1960ರಲ್ಲಿ ಫ್ರಾನ್ಸಿನಿಂದ ಸ್ವತಂತ್ರವಾದ ಆ ದೇಶವನ್ನು 1975ರಿಂದ ನೌಕಾಪಡೆಯ ಅಧಿಕಾರಿ ರಾತ್ಸಿರಾಕ ಆಳಿದರು. 1990ರ ದಶಕದ ಆರಂಭದಲ್ಲಿ ಬಹುಪಕ್ಷ ಪ್ರಜಾಪ್ರಭುತ್ವ ಬಂತು. 1993ರಲ್ಲಿ ಅಧಿಕಾರ ಕಳೆದುಕೊಂಡ ಅದೇ ರಾತ್ಸಿರಾಕ 1997ರಲ್ಲಿ ಮರಳಿ ಬಂದರು. ಹಳೆಯ ಮುಖಗಳನ್ನೇ ನೋಡಿ ಜನ ದಣಿದಿದ್ದರು.

ಆಗ ಮುಂದೆ ಬಂದವರು ಮಾರ್ಕ್ ರಾವಲೋಮನಾನ. ರೈತ ಕುಟುಂಬದವರು. ಮನೆಯಲ್ಲಿ ಮಾಡಿದ ಮೊಸರನ್ನು ಸೈಕಲಿನಲ್ಲಿ ಹೇರಿಕೊಂಡು ಮಾರಿದವರು. ಆ ಸೈಕಲ್ ವ್ಯಾಪಾರವೇ ‘ಟಿಕೋ’ ಎಂಬ ದೊಡ್ಡ ಹೈನೋದ್ಯಮವಾಗಿ ಬೆಳೆಯಿತು. 1999ರಲ್ಲಿ ಅವರು ರಾಜಧಾನಿ ಅಂಟನನರಿವೋದ ಮೇಯರ್ ಆದರು. 2001ರ ಡಿಸೆಂಬರಿನಲ್ಲಿ ಅಧ್ಯಕ್ಷ ಚುನಾವಣೆ ನಡೆಯಿತು. ಫಲಿತಾಂಶದ ವಿವಾದದಿಂದ ದೇಶವೇ ಎರಡು ಹೋಳಾಗಿ, 2002ರ ಜುಲೈಯಲ್ಲಿ ರಾತ್ಸಿರಾಕ ಫ್ರಾನ್ಸಿಗೆ ಓಡಿಹೋದ ಮೇಲೆಯೇ ಜಗಳ ಮುಗಿಯಿತು. ಹೊಸ ಅಧ್ಯಕ್ಷರು ಕೆಲಸ ಮಾಡಲಿಲ್ಲವೆಂದರೆ ಅನ್ಯಾಯವಾದೀತು. ರಸ್ತೆಗಳಾದವು, ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು. 2006ರಲ್ಲಿ ಜನ ಅವರನ್ನೇ ಮತ್ತೆ ಆರಿಸಿದರು.

ಆದರೆ ಅವರು ಅಂಗಡಿ ಮುಚ್ಚಲಿಲ್ಲ. ಅವರ ಪಕ್ಷದ ಹೆಸರೂ ‘ಟಿಯಾಕೊ’ ಎಂಬ ಪದದಿಂದ ಆರಂಭವಾಗಿ ಕಂಪೆನಿಯನ್ನೇ ನೆನಪಿಸುತ್ತಿತ್ತು. ತೆರಿಗೆ ರಿಯಾಯಿತಿಯೆಲ್ಲ ಟಿಕೋಗೆ ಎಂದು ಉಳಿದ ವರ್ತಕರು ದೂರಿದರು. 2008ರಲ್ಲಿ 6 ಕೋಟಿ ಡಾಲರಿನ ವಿಮಾನ ಖರೀದಿಯಾಯಿತು. ಕೊರಿಯಾದ ದೇವೂ ಸಂಸ್ಥೆಗೆ 13 ಲಕ್ಷ ಹೆಕ್ಟೇರ್ ಭೂಮಿಯನ್ನು 99 ವರ್ಷಗಳಿಗೆ ಗೇಣಿಗೆ ಕೊಡುವ ಮಾತುಕತೆ ಬಯಲಾಯಿತು. ಭೂಮಿಯನ್ನು ಹಿರಿಯರ ಸೊತ್ತೆಂದು ನಂಬಿದ ಜನರಿಗೆ ಇದು ಸಹಿಸಲಾಗದ ಸಂಗತಿ. 2009ರ ಜನವರಿಯಲ್ಲಿ ಜನ ಸರಕಾರಿ ಟಿ.ವಿ. ಕೇಂದ್ರಕ್ಕೆ ಬೆಂಕಿಯಿಟ್ಟರು, ಟಿಕೋದ ಗೋದಾಮುಗಳನ್ನೂ ಲೂಟಿ ಮಾಡಿ ಸುಟ್ಟರು. ಯಾವುದು ಸರಕಾರ, ಯಾವುದು ಅಂಗಡಿ ಎಂಬ ಭೇದ ಅವರ ಕಣ್ಣಿಗೆ ಕಾಣದೆ ಹೋಗಿತ್ತು. ಫೆಬ್ರವರಿ 7ರಂದು ಅರಮನೆಯ ಕಾವಲುಗಾರರು ಗುಂಡು ಹಾರಿಸಿ ಹಲವರು ಸತ್ತರು. ಮಾರ್ಚ್ 17ರಂದು ಅಧ್ಯಕ್ಷರು ಕುರ್ಚಿ ಬಿಟ್ಟರು.

ಆ ಕುರ್ಚಿಯಲ್ಲಿ ಸೈನ್ಯ ಕೂರಿಸಿದ್ದು ಯಾರನ್ನು? 34ರ ಹರೆಯದ ರಾಜೋಲೀನ ಎಂಬವರನ್ನು. ಜಾಹೀರಾತು ಕಂಪೆನಿಯ, ಟಿ.ವಿ. ಕೇಂದ್ರದ ಒಡೆಯರು, ಮತ್ತೊಬ್ಬ ಹೊರಗಿನವರು, ಮತ್ತೊಬ್ಬ ಉದ್ಯಮಿ. 2018ರ ಚುನಾವಣೆಯಲ್ಲಿ ಅವರು ರಾವಲೋಮನಾನರನ್ನೇ ಸೋಲಿಸಿದರು. 2025ರ ಅಕ್ಟೋಬರಿನಲ್ಲಿ, ನೀರಿಲ್ಲ, ವಿದ್ಯುತ್ತಿಲ್ಲ ಎಂದು ಬೀದಿಗಿಳಿದ ಯುವಜನರ ಮುಂದೆ ನಿಲ್ಲಲಾಗದೆ ಅವರೂ ದೇಶ ಬಿಟ್ಟರು. ಅಧಿಕಾರ ಮತ್ತೆ ಸೈನ್ಯದ ಕೈಗೆ ಹೋಯಿತು.

ಹಾಗಾದರೆ ವ್ಯಾಪಾರಿಯಾಗಿರುವುದೇ ದೋಷವೇ? ಖಂಡಿತ ಅಲ್ಲ. ಪ್ರವಾದಿವರ್ಯರೇ(ಸ) ವ್ಯಾಪಾರ ಮಾಡಿದವರು. ತೊಡಕು ಇರುವುದು ಬೇರೆ ಕಡೆ. ಸ್ವಂತ ವ್ಯಾಪಾರದಲ್ಲಿ ಲಾಭವೂ ನನ್ನದು, ನಷ್ಟವೂ ನನ್ನದು; ಯಾರನ್ನೂ ಕೇಳದೆ ತಟ್ಟನೆ ತೀರ್ಮಾನಿಸುವುದೇ ಅಲ್ಲಿ ಜಾಣತನ. ಅಧಿಕಾರವಾದರೋ ಅಮಾನತು. ಅಲ್ಲಿ ನನ್ನದೆಂಬುದು ಏನೂ ಇಲ್ಲ. ಅಂಗಡಿಯಲ್ಲಿ ಗುಣವಾಗಿದ್ದುದೇ ಇಲ್ಲಿ ಅವಗುಣವಾಗುತ್ತದೆ.

ಅಧಿಕಾರವನ್ನು ಕೇಳಿ ಪಡೆಯಬೇಡಿ ಎಂದು ಪ್ರವಾದಿವರ್ಯರು(ಸ) ಅಬ್ದುರ್ರಹ್ಮಾನ್ ಬಿನ್ ಸಮುರರಿಗೆ(ರ) ಉಪದೇಶಿಸಿದ್ದನ್ನು ನೀವು ಕೇಳಿರಬಹುದು. ಹಝ್ರತ್ ಯೂಸುಫ್(ಅ) ಈಜಿಪ್ಟಿನ ಉಗ್ರಾಣಗಳ ಹೊಣೆಯನ್ನು ಕೇಳಿ ಪಡೆದರಲ್ಲ ಎಂದು ನೀವು ಪ್ರಶ್ನಿಸಬಹುದು. ಸರಿಯೇ. ಆದರೆ ಅವರು ಮುಂದಿಟ್ಟ ಅರ್ಹತೆ ಯಾವುದು? ಕಾಪಾಡಬಲ್ಲೆ, ಬಲ್ಲವನಾಗಿದ್ದೇನೆ ಎಂಬುದಷ್ಟೇ. ಆ ಉಗ್ರಾಣದಲ್ಲಿ ಅವರ ಸ್ವಂತ ಸರಕು ಒಂದು ಮೂಟೆಯೂ ಇರಲಿಲ್ಲ. ನನ್ನ ಬುದ್ಧಿಗೆ ತೋಚುವಂತೆ ವ್ಯತ್ಯಾಸ ಇಲ್ಲೇ ಇದೆ.

ಝಕಾತ್ ಸಂಗ್ರಹಿಸಲು ಹೋಗಿ ಬಂದ ಒಬ್ಬಾತನ ಪ್ರಸಂಗ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಷ್ಟು ನಿಮ್ಮದು, ಇಷ್ಟು ನನಗೆ ಬಂದ ಉಡುಗೊರೆ ಎಂದು ಆತ ಲೆಕ್ಕ ಒಪ್ಪಿಸಿದ. ತನ್ನ ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿವರ್ಯರು(ಸ) ಮಿಂಬರಿನ ಮೇಲಿಂದಲೇ ಪ್ರಶ್ನಿಸಿದರು. ಟಿಕೋದ ರಿಯಾಯಿತಿಗಳಿಗೂ ಇದೇ ಪ್ರಶ್ನೆ ಹಾಕಿ ನೋಡಿ. ನಮ್ಮ ಊರಿನ ಗುತ್ತಿಗೆಗಳಿಗೂ ಹಾಕಿ ನೋಡಿ. ಕದಿಯುವ ಅಗತ್ಯವಿಲ್ಲದವನಿಗೂ ತನ್ನ ಅಂಗಡಿ ಬೆಳೆಯಬೇಕೆಂಬ ಆಶೆ ಇರುತ್ತದೆಯಲ್ಲವೇ?

ಹಝ್ರತ್ ಅಬೂಬಕರ್(ರ) ಬಟ್ಟೆಯ ವರ್ತಕರು. ಖಲೀಫಾ ಆದ ಮೇಲೆ ಎಂದಿನಂತೆ ಬಟ್ಟೆಯ ಹೊರೆಯನ್ನು ಹೆಗಲಿಗೇರಿಸಿ ಪೇಟೆಗೆ ಹೊರಟರು. ದಾರಿಯಲ್ಲಿ ಹಝ್ರತ್ ಉಮರ್(ರ) ಮತ್ತು ಅಬೂ ಉಬೈದಾ(ರ) ತಡೆದರು. ಹಾಗಾದರೆ ಮನೆಯವರಿಗೆ ಏನು ಉಣಿಸಲಿ ಎಂದು ಖಲೀಫರು ಕೇಳಿದರು. ಬೈತುಲ್‌ಮಾಲಿನಿಂದ ಒಂದು ಸಾಮಾನ್ಯ ಜೀವನಾಂಶ ಗೊತ್ತಾಯಿತು. ಹೊರೆ ಮನೆಗೆ ಮರಳಿತು. ಮರಣಶಯ್ಯೆಯಲ್ಲಿ ಅವರು, ತಾನು ಅಧಿಕಾರಕ್ಕೆ ಬಂದ ಮೇಲೆ ಮನೆಗೆ ಬಂದು ಸೇರಿದ್ದನ್ನೆಲ್ಲ ಮುಂದಿನ ಖಲೀಫರಿಗೆ ಕಳುಹಿಸಬೇಕೆಂದು ತಿಳಿಸಿದರು. ಅದು ಮುಂದೆ ಬಂದು ನಿಂತಾಗ, ಅಬೂಬಕರ್ ತನ್ನ ನಂತರ ಬರುವವರನ್ನು ಬಹಳ ಕಷ್ಟಕ್ಕೀಡು ಮಾಡಿ ಹೋದರು ಎಂದು ಹಝ್ರತ್ ಉಮರ್(ರ) ಅತ್ತರಂತೆ.